ಡೀಸೆಲ್ ಲೆಕ್ಕ ಬರೆದರು, ತೋಪಿನ ಲೆಕ್ಕ ಬಿಟ್ಟರು

ಮಾನ್ಯ ಸಂಪಾದಕರೇ,

ಬಿಡದಿ ಹೋಬಳಿಯ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತ ಸಾವಿರಾರು ಎಕರೆಯಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾವದ ಬಗ್ಗೆ ಪತ್ರಿಕೆಗಳಲ್ಲಿ ಬರುವುದನ್ನೆಲ್ಲ ಓದುತ್ತಿದ್ದೇನೆ. ಪರಿಹಾರದ ಮೊತ್ತ, ರೈತರ ಧರಣಿ, ನಾಯಕರ ಹೇಳಿಕೆ ಎಲ್ಲವೂ ಬರುತ್ತಿವೆ. ಈ ಊರು ಎದ್ದರೆ ಗಾಳಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಸೇರುತ್ತದೆ ಎಂಬ ಮಾತು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ನಾನು ವಿಜ್ಞಾನಿಯಲ್ಲ. ಹದಿನಾರು ವರ್ಷದಿಂದ ಈ ಸುತ್ತಿನಲ್ಲಿ ಜೆಸಿಬಿ ಓಡಿಸುತ್ತಿದ್ದೇನೆ. ದಿನಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಲೀಟರ್ ಡೀಸೆಲ್ ಎಂದು ನೋಟ್‌ಬುಕ್‌ನಲ್ಲಿ ಬರೆದಿಡುವ ಅಭ್ಯಾಸ ನನ್ನದು. ಈ ಪತ್ರ ಬರೆಯಲು ಕಾರಣವೂ ಆ ಪುಸ್ತಕವೇ.

2017ರಲ್ಲಿ ಒಂದು ಖಾಸಗಿ ಬಡಾವಣೆಗೆ ನಾಲ್ಕೂವರೆ ಎಕರೆ ಮಾವಿನ ತೋಪು ಕಿತ್ತು ನೆಲ ಸಮ ಮಾಡುವ ಕೆಲಸ ನನಗೆ ಬಂತು. 210 ಮರ. ಬುಡದ ಸುತ್ತ ಬಗೆದು ಬೇರು ಕಡಿದು ತಳ್ಳಿದರೂ ಹಳೇ ಮಾವು ಒಂದೇ ಸಲಕ್ಕೆ ಉರುಳುವುದಿಲ್ಲ. ಮೊದಲು ವಾಲುತ್ತದೆ, ಕೆಂಪು ಮಣ್ಣಿನ ಹೆಂಟೆಯ ಸಮೇತ ಒಂದು ಬದಿಯ ಬೇರು ಮೇಲೇಳುತ್ತದೆ, ಆಮೇಲೆ ಉಳಿದ ಬೇರು ಪಟಪಟನೆ ಹರಿಯುವ ಸದ್ದು. ಸೊನೆಯ ವಾಸನೆ ಸಂಜೆಯವರೆಗೂ ಕ್ಯಾಬಿನ್ ಬಿಟ್ಟು ಹೋಗುತ್ತಿರಲಿಲ್ಲ. ತೋಪು ಬೆಳೆಸಿದ್ದ ಹಿರಿಯರು ದಿನಾ ಬಂದು ಬದುವಿನ ಮೇಲೆ ಕೂರುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ದಪ್ಪ ದಿಮ್ಮಿಗಳು ಲಾರಿ ಹತ್ತಿದವು. ರೆಂಬೆ, ಬೊಡ್ಡೆ, ಬೇರನ್ನು ಅಲ್ಲೇ ಗುಡ್ಡೆ ಹಾಕಿ ಬೆಂಕಿ ಇಟ್ಟರು. ಮೂರು ದಿನ ಉರಿಯಿತು.

ಆ ಬಡಾವಣೆಯ ಪರಿಸರ ವರದಿ ಆಮೇಲೆ ನನ್ನ ಕೈಗೆ ಸಿಕ್ಕಿತು. ಯಂತ್ರಗಳ ಮತ್ತು ಜನರೇಟರಿನ ಡೀಸೆಲ್ ಹೊಗೆಯ ಬಗ್ಗೆ ಒಂದು ಪ್ಯಾರಾ ಇತ್ತು. ಪರಿಣಾಮ ಅತ್ಯಲ್ಪ, ತಾತ್ಕಾಲಿಕ ಎಂದು ಮುಗಿಸಿದ್ದರು. ಮರಗಳ ಬಗ್ಗೆ ಇದ್ದದ್ದು, ಬದಲಿ ಸಸಿ ನೆಡಲಾಗುವುದು ಎಂಬ ಒಂದೇ ಸಾಲು.

ಬಿಎಸ್ಸಿ ಓದುತ್ತಿರುವ ಮಗಳ ಜೊತೆ ಕೂತು ಈಚೆಗೆ ನಾನೇ ಲೆಕ್ಕ ಹಾಕಿದೆ. ಆ ತೋಪಿನಲ್ಲಿ 38 ದಿನ ಕೆಲಸ ಮಾಡಿ 1,900 ಲೀಟರ್ ಡೀಸೆಲ್ ಸುಟ್ಟಿದ್ದೆ. ಲೀಟರಿಗೆ ಸುಮಾರು 2.68 ಕೆ.ಜಿ.ಯಂತೆ ಐದು ಟನ್ ಇಂಗಾಲದ ಡೈಆಕ್ಸೈಡ್. ಇನ್ನು ಮರ. ಒಣಗಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಅಂದರೆ ನೂರಕ್ಕೆ 47 ಪಾಲು ಇಂಗಾಲ. ಅದು ಸುಟ್ಟಾಗ ಒಂದು ಕೆ.ಜಿ. ಇಂಗಾಲಕ್ಕೆ 3.67 ಕೆ.ಜಿ. ಅನಿಲ. ಬೇರೂ ಸೇರಿ ಮರವೊಂದಕ್ಕೆ ಒಂದು ಟನ್ ಒಣತೂಕ ಎಂದಿಟ್ಟುಕೊಂಡರೆ 210 ಮರಕ್ಕೆ 360 ಟನ್ ದಾಟುತ್ತದೆ. ಅರ್ಧ ಭಾಗ ಹಲಗೆಯಾಗಿ ಉಳಿಯಿತು ಅಂದರೂ 180 ಟನ್. ನನ್ನ ಯಂತ್ರದ ಐದು ಟನ್ ವರದಿಯಲ್ಲಿ ಜಾಗ ಪಡೆದಿತ್ತು, ಆ 180 ಟನ್ ಇರಲೇ ಇಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದಕ್ಕಿಂತ ದೊಡ್ಡದು ಜನ ಬಂದ ಮೇಲೆ ಶುರುವಾಗುತ್ತದೆ. ಬಿಡದಿಯಿಂದ ಬೆಂಗಳೂರಿನೊಳಕ್ಕೆ 30 ಕಿ.ಮೀ. ಎಂದೇ ಹಿಡಿಯೋಣ. ಹೋಗಿ ಬರಲು 60. ಲೀಟರಿಗೆ 15 ಕಿ.ಮೀ. ಕೊಡುವ ಕಾರು ನಾಲ್ಕು ಲೀಟರ್ ಪೆಟ್ರೋಲ್ ಕುಡಿದು ದಿನಕ್ಕೆ 9 ಕೆ.ಜಿ. ಬಿಡುತ್ತದೆ. ಹತ್ತು ಸಾವಿರ ಕಾರು, ವರ್ಷಕ್ಕೆ 300 ದಿನ ಅಂದರೆ 27 ಸಾವಿರ ಟನ್. ತೋಪು ಸುಟ್ಟದ್ದು ಒಂದೇ ಸಲ, ಇದು ಪ್ರತಿ ವರ್ಷ. ಮೈಸೂರು ಮಾರ್ಗದ ರೈಲು ಬಿಡದಿಯಲ್ಲಿ ನಿಲ್ಲುತ್ತದೆ. ಮೆಟ್ರೊ ಚಲ್ಲಘಟ್ಟಕ್ಕೆ ಬಂದು ನಿಂತಿದೆ. ಮನೆಗಳಿಗಿಂತ ಮೊದಲು ರೈಲು, ಬಸ್ಸು ಸಜ್ಜಾದರೆ ಈ ಅಂಕಿ ಎಷ್ಟು ಇಳಿಯುತ್ತದೆ ಎಂಬುದನ್ನೂ ಲೆಕ್ಕ ಹಾಕಬಹುದು. ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಅದು ಆಗಬೇಕು.

ಸಿಮೆಂಟೂ ಇದೆ. ಸುಣ್ಣದ ಕಲ್ಲು ಸುಡುವಾಗಲೇ ನೂರು ಕೆ.ಜಿ.ಯಲ್ಲಿ 44 ಕೆ.ಜಿ. ಅನಿಲವಾಗಿ ಹಾರಿಹೋಗುತ್ತದೆ, ಕಲ್ಲಿದ್ದಲಿನದು ಬೇರೆ. ಒಂದು ಮೂಟೆ ಸಿಮೆಂಟಿಗೆ ಸುಮಾರು 30 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಕಬ್ಬಿಣ, ಎ.ಸಿ.ಗಳ ಅನಿಲ, ಕರೆಂಟು ಎಲ್ಲವೂ ಲೆಕ್ಕಕ್ಕೆ ಬರಬೇಕು. ವೃಷಭಾವತಿ ನದಿ ಹೊತ್ತು ತರುವ ಕೊಳಕಿನಿಂದ ಬೈರಮಂಗಲ ಕೆರೆ ಏನಾಗಿದೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಹೊಸ ಊರಿನ ಚರಂಡಿ ನೀರೂ ಶುದ್ಧವಾಗದೆ ನಿಂತರೆ ಅದರಿಂದ ಏಳುವುದು ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 28 ಪಟ್ಟು ಬಿಸಿಯೇರಿಸುತ್ತದೆ.

ಲೆಕ್ಕ ಎರಡೂ ಕಡೆ ಇರಲಿ. ನಮ್ಮ ಹಸುಗಳೂ ಮೀಥೇನ್ ಬಿಡುತ್ತವೆ, ನಾವು ಹಾಕುವ ಯೂರಿಯಾದಿಂದಲೂ ಅನಿಲ ಹೊರಡುತ್ತದೆ. ಈಗಿನ ಹೊಲ, ತೆಂಗು, ಹಿಪ್ಪುನೇರಳೆ, ಡೇರಿ ಸೇರಿ ಎಷ್ಟು ಬಿಡುತ್ತಿವೆ, ಎಷ್ಟು ಹಿಡಿದಿಟ್ಟಿವೆ ಎಂದು ಮೊದಲು ಬರೆಯಲಿ. ಟೌನ್‌ಶಿಪ್‌ನದು ಅದರ ಪಕ್ಕದಲ್ಲಿ ಬರಲಿ.

ಇದನ್ನು ಪತ್ರಿಕೆಗೆ ಬರೆಯುವುದಕ್ಕೂ ಕಾರಣವಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 50 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಟೌನ್‌ಶಿಪ್‌ಗೆ ಮುಂಚಿತ ಅನುಮತಿ ಬೇಕು. ಆದರೆ ಅದೇ ಅಧಿಸೂಚನೆ ಟೌನ್‌ಶಿಪ್‌ಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದೆ. ದೊಡ್ಡ ಗಣಿ ಬಂದರೆ ಸಾಮಾನ್ಯವಾಗಿ ಶಾಮಿಯಾನ ಹಾಕಿ ನಮ್ಮ ಅಹವಾಲು ಕೇಳುತ್ತಾರೆ. ಊರೇ ಬದಲಾಗುವಾಗ ಎದ್ದು ನಿಂತು ಕೇಳಲು ನಮಗೆ ಸಭೆಯಿಲ್ಲ. ಆದ್ದರಿಂದ ಅಂತಿಮ ತೀರ್ಮಾನಕ್ಕೆ ಮುಂಚೆ ಭೂಮಿಯ ಬಿಸಿಯೇರಿಸುವ ಈ ಎಲ್ಲ ಹಸಿರುಮನೆ ಅನಿಲಗಳ ಪೂರ್ತಿ ಅಂದಾಜನ್ನು, ಯಾವ ಅಂಕಿ ಎಲ್ಲಿಂದ ತೆಗೆದದ್ದು ಎಂಬುದರ ಸಮೇತ, ಕನ್ನಡದಲ್ಲಿ ಪ್ರಕಟಿಸಿ ಬೈರಮಂಗಲ, ಕಂಚುಗಾರನಹಳ್ಳಿ ಎರಡೂ ಪಂಚಾಯಿತಿ ಕಚೇರಿಗಳಲ್ಲಿ ಇಡಬೇಕೆಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ.

ನೆಲ ಸಮ ಮಾಡಲು ಎಕರೆಗೆ ಎಷ್ಟು ಡೀಸೆಲ್ ಬೇಕು ಎಂದು ಗೊತ್ತಾಗಬೇಕಾದರೆ ನನ್ನ ಹದಿನಾರು ವರ್ಷದ ನೋಟ್‌ಬುಕ್‌ಗಳು ಮನೆಯಲ್ಲಿವೆ. ಅಂದಾಜು ಮಾಡುವವರು ಬಂದರೆ ಕೊಡುತ್ತೇನೆ.

ಇಂತಿ,
ಜೆಸಿಬಿ ಚಾಲಕ, ಬಿಡದಿ ಹೋಬಳಿ