ಆ ಕಳ್ಳನ ಕಾಲಲ್ಲಿ ಏನಿತ್ತು?

ಪ್ರೀತಿಯ ತಂಗಿ,

ನಿನ್ ಕತೆ ಎರಡ್ ಸಲ ಓದ್ದೆ. ಬಸ್‌ಸ್ಟ್ಯಾಂಡ್ ಜೇಬುಗಳ್ಳನ್ನ ಕತೆಗೆ ಆರಿಸ್ಕೊಂಡಿದ್ದು ಚೆನ್ನಾಗಿದೆ, ಆದ್ರೆ ಮೊದಲ್ನೇ ಪ್ಯಾರಾದಲ್ಲೇ ಅವ್ನು ಕ್ರೂರಿ, ಸಮಾಜದ ಬಲಿಪಶು ಅಂತೆಲ್ಲ ನೀನೇ ತೀರ್ಪು ಕೊಟ್ಬಿಟ್ಟಿದ್ದೀಯ, ಅವನ ಮುಖ ಮಾತ್ರ ನಂಗೆಲ್ಲೂ ಕಾಣ್ಲಿಲ್ಲ.

ಅದಕ್ಕೇ ರೂಬೆನ್ ಬ್ಲೇಡ್ಸ್ ಬಗ್ಗೆ ಹೇಳೋಣ ಅನ್ನಿಸ್ತು. ಸಾಲ್ಸಾ ಅನ್ನೋ ಲ್ಯಾಟಿನ್ ಅಮೆರಿಕನ್ ಕುಣಿತದ ಸಂಗೀತ ಹಾಡ್ತಾನೆ, ಹಾಡು ಬರೆಯೋನೂ ಅವನೇ. 1948ರಲ್ಲಿ ಪನಾಮಾ ಸಿಟಿಯಲ್ಲಿ ಹುಟ್ಟಿದ್ದು. ಅಮ್ಮ ಕ್ಯೂಬಾದವ್ರು, ಪಿಯಾನೋ ನುಡಿಸ್ತಾ ಹಾಡ್ತಿದ್ರು, ಅಪ್ಪ ಬೊಂಗೋ ಬಾರಿಸ್ತಿದ್ರು, ಜೊತೆಗೆ ಪೊಲೀಸ್ ಡಿಟೆಕ್ಟಿವ್ ಬೇರೆ. ಲಾ ಓದ್ಕೊಂಡೋನು 1974ರಲ್ಲಿ ನ್ಯೂಯಾರ್ಕಿಗೆ ಹೋದಾಗ ಫಾನಿಯಾ ರೆಕಾರ್ಡ್ಸ್ ಅನ್ನೋ ಸಂಗೀತ ಕಂಪನಿಯಲ್ಲಿ ಸಿಕ್ಕಿದ್ದು ಟಪಾಲು ನೋಡ್ಕೊಳ್ಳೋ ಕೆಲ್ಸ. ಮುಂದೆ ಅವನ ಆಲ್ಬಮ್‌ಗಳನ್ನ ತಂದಿದ್ದೂ ಅದೇ ಕಂಪನಿ. ಆಫೀಸ್ ಬಿಟ್ಟು ಪೂರ್ತಿ ಬರಿಯೋಕೆ ಕೂತ್ಕೊಳ್ಲಾ ಅಂತ ಕೇಳಿದ್ಯಲ್ಲ, ಈಗ್ಲೇ ಬೇಡ ಕಣಮ್ಮಾ.

1978ರಲ್ಲಿ ಸಾಲ್ಸಾ ಸಂಗೀತಗಾರ ವಿಲ್ಲಿ ಕೊಲೋನ್ ಜೊತೆ ಮಾಡಿದ 'ಸಿಯೆಂಬ್ರಾ' ಆಲ್ಬಮ್‌ನಲ್ಲಿ 'ಪೇದ್ರೊ ನವಾಹಾ' ಅಂತ ಒಂದು ಹಾಡಿದೆ, ನವಾಹಾ ಅಂದ್ರೆ ಚಾಕು. ಈ ಪೇದ್ರೊನೂ ಬೀದಿ ಪುಂಡನೇ. ಆದ್ರೆ ಕೆಟ್ಟೋನು ಅಂತ ಬ್ಲೇಡ್ಸ್ ಹೇಳಲ್ಲ. ಓರೆ ಟೋಪಿ, ಕಪ್ಪು ಕನ್ನಡಕ, ಯಾವ ಕೈಯಲ್ಲಿ ಚಾಕು ಇದೆ ಅಂತ ಗೊತ್ತಾಗ್ಬಾರ್ದು ಅಂತ ಎರಡೂ ಕೈ ಕೋಟಿನ ಜೇಬಲ್ಲಿ, ನಕ್ಕಾಗ ಹೊಳೆಯೋ ಚಿನ್ನದ ಹಲ್ಲು, ಮತ್ತೆ ಏನಾದ್ರೂ ಎಡವಟ್ಟಾದ್ರೆ ಓಟ ಕೀಳೋಕೆ ಅಂತ ಕಾಲಲ್ಲಿ ಹಗುರ ಶೂ. ಆ ಶೂ ನೋಡು! ಅವನ ಧೈರ್ಯ, ಅವನ ಭಯ ಎರಡೂ ಅದರಲ್ಲೇ ಇದೆ. ಆಮೇಲೆ ಅದೇ ಫುಟ್‌ಪಾತಲ್ಲಿ ಐದನೇ ಸಲ ಓಡಾಡ್ತಿರೋ, ಆವತ್ತು ಗಿರಾಕಿ ಸಿಗದ ಹೆಂಗ್ಸು, ಅವ್ನು ಚಾಕು ಹಾಕ್ತಾನೆ, ಅವ್ಳು ಗುಂಡು ಹೊಡೀತಾಳೆ, ಇಬ್ರೂ ಬಿದ್ದಿರ್ತಾರೆ, ಯಾರೂ ಏನಾಯ್ತು ಅಂತ ಹೊರಗೆ ಬರಲ್ಲ, ಒಬ್ಬ ಕುಡುಕ ಮಾತ್ರ ಎಡವಿ, ರಿವಾಲ್ವರ್ರು ಚಾಕು ದುಡ್ಡು ಎತ್ಕೊಂಡು ಹಾಡ್ಕೊಂಡು ಹೋಗ್ತಾನೆ. ಏಳು ನಿಮಿಷ ಮೀರಿದ ಹಾಡು, ಕತೆಗೆ ಅಷ್ಟು ಬೇಕಿತ್ತು, ಅಷ್ಟು ತಗೊಂಡ. ಆ ಆಲ್ಬಮ್ ಸಾಲ್ಸಾದಲ್ಲೇ ಅತಿ ಹೆಚ್ಚು ಮಾರಾಟ ಆದವುಗಳಲ್ಲಿ ಒಂದು.

ಬಲಿಪಶು ಬಗ್ಗೆ ಬರೆಯೋದಾದ್ರೆ 1984ರ ಇನ್ನೊಂದು ಹಾಡು ಕೇಳು. 1980ರಲ್ಲಿ ಎಲ್ ಸಾಲ್ವಡಾರ್‌ನಲ್ಲಿ ಆರ್ಚ್‌ಬಿಷಪ್ ರೊಮೇರೊ ಅವರನ್ನ ಪೂಜೆ ಮಾಡ್ತಿರುವಾಗ್ಲೇ ಗುಂಡಿಟ್ಟು ಕೊಂದ್ರಲ್ಲ, ಅದ್ರ ನೆನಪಲ್ಲಿ ಬರೆದಿದ್ದು. ಹಾಡಲ್ಲಿ ಒಬ್ಬ ಪಾದ್ರಿ, ಅವರ ಜೊತೆ ಆಂದ್ರೆಸ್ ಅಂತ ಒಬ್ಬ ಹುಡುಗನ್ನೂ ಬ್ಲೇಡ್ಸ್ ತಂದಿದ್ದಾನೆ, ಹತ್ತು ವರ್ಷ, ಪ್ರಾರ್ಥನೆ ಇನ್ನೂ ಸರಿಯಾಗಿ ಬಾಯಿಗೆ ಬಂದಿಲ್ಲ, ನದಿ ಅಂದ್ರೆ ಇಷ್ಟ, ಫುಟ್‌ಬಾಲ್ ಇಷ್ಟ, ಸ್ಕೂಲಿಗೆ ಚಕ್ಕರ್ ಹೊಡೆಯೋದೂ ಇಷ್ಟ. ಪಾದ್ರಿ ಜೊತೆ ಅವ್ನೂ ಸತ್ತಾಗ ನಂಗೆ ಗಂಟ್ಲು ಕಟ್ಟುತ್ತೆ, ಇವತ್ತಿಗೂ.

ಅಷ್ಟು ಹೆಸ್ರು ಬಂದ್ಮೇಲೂ ಹಾರ್ವರ್ಡ್‌ಗೆ ಹೋಗಿ 1985ರಲ್ಲಿ ಕಾನೂನಿನಲ್ಲಿ ಮಾಸ್ಟರ್ಸ್ ಮಾಡ್ದ, 1994ರಲ್ಲಿ ಪನಾಮಾ ಅಧ್ಯಕ್ಷ ಚುನಾವಣೆಗೆ ನಿಂತು ಸೋತ, 2004ರಿಂದ ಐದ್ ವರ್ಷ ಟೂರಿಸಂ ಮಂತ್ರಿ ಆಗಿದ್ದ. ಅದೆಲ್ಲ ಇನ್ನೊಂದ್ ಸಲ ಮಾತಾಡೋಣ.

ಈ ಭಾನುವಾರ ಹೋಗಿ ಬಸ್‌ಸ್ಟ್ಯಾಂಡಲ್ಲಿ ಎರಡ್ ಗಂಟೆ ಕೂತ್ಕೋ, ಫೋನ್ ಬ್ಯಾಗಲ್ಲಿರ್ಲಿ. ಆಮೇಲೆ ಮೊದಲ್ನೇ ಪ್ಯಾರಾ ಮಾತ್ರ ತಿದ್ದಿ ಕಳ್ಸು, ನಿನ್ ಕಳ್ಳ ಕಾಲಿಗೆ ಏನ್ ಹಾಕ್ಕೊಂಡಿದ್ದ ಅಂತ ನಂಗೆ ಗೊತ್ತಾಗ್ಬೇಕು.

ಪ್ರೀತಿಯಿಂದ,
ನಿನ್ನಕ್ಕ