ಬಿಟ್ಟು ಹೋದವರನ್ನು ಬೈಯುವ ಮುಂಚೆ

ಗೆಳೆಯರೇ, ನಿನ್ನೆ ರಾತ್ರಿಯಿಂದ ಗುಂಪಿನಲ್ಲಿ ‘ದ್ರೋಹಿ’ ಅನ್ನುವ ಮಾತು ಜಾಸ್ತಿಯಾಗಿದೆ. ನಮ್ಮ ಫುಟ್‌ಬಾಲ್ ತಂಡ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಬಿಟ್ಟು ಹೋದ ಆಟಗಾರರ ಮೇಲೆ ನನಗೂ ಸಿಟ್ಟಿದೆ. ಉದಾಂತ ಸಿಂಗ್ ಎಫ್‌ಸಿ ಗೋವಾ ಜರ್ಸಿ ತೊಟ್ಟಿದ್ದನ್ನು ನೋಡಿದ ದಿನ ಊಟ ಸೇರಲಿಲ್ಲ. ಒಂಬತ್ತು ವರ್ಷ ನಮಗಾಗಿ ಓಡಿದ ಹುಡುಗ ಅಲ್ವಾ!

ಆದರೆ ನಮ್ಮ ಡಿಫೆಂಡರ್ ರಾಹುಲ್ ಭೇಕೆ ನೆನಪಿದೆಯಾ? 2019ರ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, 117ನೇ ನಿಮಿಷ, ನಮ್ಮ ಡಿಮಾಸ್ ಹೊಡೆದ ಕಾರ್ನರ್, ಭೇಕೆ ತಲೆ. ಗೋಲ್! ಎದುರಿಗಿದ್ದದ್ದೂ ಗೋವಾನೇ. 2021ರಲ್ಲಿ ಅವರು ಮುಂಬೈ ಸಿಟಿ ತಂಡಕ್ಕೆ ಹೋದಾಗ ಎಷ್ಟು ಬೈದೆವು! 2024ರಲ್ಲಿ ವಾಪಸ್ ಬಂದಾಗ ಬೈದವರೇ ಮೊದಲು ಹಾರ್ಟ್ ಒತ್ತಿದ್ದು. ನಾನೂ ಸೇರಿ.

ಕಂಠೀರವದಲ್ಲಿ ಕೂಗಿ, ರೇಗಿಸಿ, ಬೇಡ ಅನ್ನಲ್ಲ. ಆಟಗಾರರ ಮನೆಯವರನ್ನು ಮಾತ್ರ ಎಳೆದು ತರಬೇಡಿ. ಅಂಥ ಮೆಸೇಜ್ ಕಂಡರೆ ಅಳಿಸುತ್ತೇನೆ.