ಎ, ಬಿ ವಿಭಾಗಗಳನ್ನು ಚೀಟಿ ಎತ್ತಿ ಹಂಚಿದ್ದರ ಬಗ್ಗೆ ಪಾಲಕರಿಗೆ

ಮಾನ್ಯ ಪಾಲಕರಿಗೆ ಶರಣು, ನಮಸ್ಕಾರ.

ಎಂಟನೇ ತರಗತಿಯ ಎ, ಬಿ ವಿಭಾಗಗಳನ್ನು ಈ ಸಲ ಅಂಕ ನೋಡದೆ ಚೀಟಿ ಎತ್ತಿ ಮಾಡಿದ್ದಕ್ಕೆ ಹೋದ ವಾರ ನಿಮ್ಮಲ್ಲಿ ಹಲವರು ಬಂದು ಬೇಸರ ಹೇಳಿಕೊಂಡಿರಿ, ಕೆಲವರು ಅರ್ಜಿಯನ್ನೂ ಕೊಟ್ಟಿರಿ. "ಶಾಣ್ಯಾ ಹುಡುಗರನ್ನ ದಡ್ಡರ ಜೋಡಿ ಕೂಡಿಸಿದ್ರ ಅವರೂ ಹಾಳಾಗ್ತಾರ" ಎಂಬುದೇ ಎಲ್ಲರ ಮಾತಿನ ತಿರುಳು. ಮಕ್ಕಳ ಕಾಳಜಿಗೆ ಆಡಿದ ಮಾತು, ನಮಗೆ ಸಿಟ್ಟಿಲ್ಲ. ಹಂಚಿಕೆ ಮಾತ್ರ ಬದಲಾಗುವುದಿಲ್ಲ. ಕಾರಣವನ್ನು ಜೂನ್‌ನಲ್ಲೇ ಬಿಡಿಸಿ ಹೇಳಬೇಕಿತ್ತು. ಹೇಳದೆ ಇದ್ದದ್ದು ಶಾಲೆಯ ತಪ್ಪು.

ಕಡಿಮೆ ಅಂಕದವರನ್ನು ಒಂದೆಡೆ ಹಾಕಿ 'ಬಿ' ಎಂಬ ಹೆಸರು ಬಿದ್ದ ಮೇಲೆ ಮೊದಲು ಬದಲಾಗುವವರು ಶಿಕ್ಷಕರು. ಶಾಣ್ಯಾ ಎನಿಸಿಕೊಂಡವನು ಉತ್ತರಕ್ಕೆ ತಡವರಿಸಿದರೆ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ, ಸುಳಿವು ಕೊಡುತ್ತಾರೆ. 'ಇವನ ತಲಿಗಿ ಹತ್ತಂಗಿಲ್ಲ' ಎನಿಸಿದವನು ತಡವರಿಸಿದರೆ ಪ್ರಶ್ನೆ ಪಕ್ಕದವನಿಗೆ ಹೋಗುತ್ತದೆ. ಬೇಕೆಂದು ಯಾರೂ ಹೀಗೆ ಮಾಡುವುದಿಲ್ಲ. ಸುಲಭದ ಲೆಕ್ಕಕ್ಕೆ 'ಭೇಷ್' ಎಂದು ಬೆನ್ನು ತಟ್ಟುವುದೂ ಇದೇ ಜಾತಿಯದು. ತನ್ನಿಂದ ಇಷ್ಟೇ ಆಗುತ್ತದೆಂದು ಸರ್ ತಿಳಿದಿದ್ದಾರೆ ಎಂಬುದು ಹುಡುಗನಿಗೆ ತಕ್ಷಣ ಗೊತ್ತಾಗುತ್ತದೆ. ಹಾಗೆ ವರ್ಷ ಕಳೆದರೆ ಅವನು ಕೈ ಎತ್ತುವುದನ್ನೇ ಬಿಡುತ್ತಾನೆ, ಅಂಕವೂ ಇಳಿಯುತ್ತದೆ, ನಾವು 'ಮೊದಲೇ ಹೇಳಿದ್ವಿ' ಅನ್ನುತ್ತೇವೆ.

ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ರೊಸೆಂಥಾಲ್ ಮತ್ತು ಶಾಲೆಯೊಂದರ ಮುಖ್ಯಸ್ಥೆ ಲೆನೋರ್ ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಬಗ್ಗೆಯೇ. ಒಂದು ಶಾಲೆಯ ಸುಮಾರು ಐದರಲ್ಲೊಂದು ಭಾಗದಷ್ಟು ಮಕ್ಕಳ ಹೆಸರನ್ನು ಮನಬಂದಂತೆ ಆರಿಸಿ, 'ಇವರು ಈ ವರ್ಷ ಚಿಗುರುತ್ತಾರೆ' ಎಂದು ಶಿಕ್ಷಕರಿಗೆ ತಿಳಿಸಿದರು. ವರ್ಷದ ಕೊನೆಗೆ ಒಂದು, ಎರಡನೇ ತರಗತಿಗಳಲ್ಲಿ ಆ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಉಳಿದವರಿಗಿಂತ ಹೆಚ್ಚು ಮೇಲೇರಿದ್ದರು. ಮೇಲಿನ ತರಗತಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆ ಪ್ರಯೋಗಕ್ಕೆ ಟೀಕೆಯೂ ಬಂತು. ಪರಿಣಾಮ ಸಾಮಾನ್ಯವಾಗಿ ಸಣ್ಣದು, ಶಿಕ್ಷಕರಿಗೆ ಮಕ್ಕಳ ಪರಿಚಯ ಎರಡು ವಾರ ಮೀರಿದ್ದರೆ ಇನ್ನೂ ಸಣ್ಣದು ಎಂದು ಮುಂದೆ ತಿಳಿಯಿತು. ಅರ್ಜಿಯಲ್ಲಿ ಒಬ್ಬರು 'ನಂಬಿಕೆಯಿಂದ ಮಾರ್ಕ್ಸ್ ಬರಂಗಿಲ್ಲ' ಎಂದು ಬರೆದಿದ್ದಾರೆ. ಒಪ್ಪಿದೆ. ಆದರೆ ಮೊದಲೇ ಕೀಳಾಗಿ ಕಾಣಲಾದ ಮಕ್ಕಳ ಮೇಲೆ ಈ ಪೆಟ್ಟು ಜೋರು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಸಂಶೋಧಕರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಹುಡುಗರಿಂದ ದಾರಿ ಹುಡುಕುವ ಒಗಟು ಬಿಡಿಸಿದರು. ಜಾತಿ ಹೇಳದಿದ್ದಾಗ ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಟ್ಟ. ಎಲ್ಲರೆದುರು ಹೆಸರಿನ ಜೊತೆ ಜಾತಿ ಕೂಗಿದಾಗ ಕೆಳಜಾತಿ ಎನಿಸಿಕೊಂಡ ಹುಡುಗರು ಬಿಡಿಸಿದ ಒಗಟುಗಳು ಕಡಿಮೆಯಾದವು. ಹಾಗಾಗಿ ವಿದ್ಯಾರ್ಥಿವೇತನಕ್ಕೆ ತರಗತಿಯಲ್ಲಿ ಜಾತಿ ಕೇಳಿ ಮಕ್ಕಳನ್ನು ಎದ್ದು ನಿಲ್ಲಿಸುವುದು ಇನ್ನು ಇಲ್ಲ. ದಾಖಲೆಗಳನ್ನು ಆಫೀಸಿನಲ್ಲೇ ಕೊಡಿ.

ನಮ್ಮ ಬಿ ವಿಭಾಗದಲ್ಲಿ ಯಾರಿದ್ದರು? ತೊಗರಿ ರಾಶಿ ಮುಗಿದ ಮೇಲೆ ತಂದೆ–ತಾಯಿ ಜೊತೆ ಮುಂಬೈ, ಹೈದರಾಬಾದಿಗೆ ಗುಳೆ ಹೋಗಿ ಬಂದವರು, ಮನೆಯಲ್ಲಿ ಲಂಬಾಣಿ, ಉರ್ದು ಆಡಿ ಕನ್ನಡದಲ್ಲಿ ಉತ್ತರ ಹುಡುಕುವವರು. ಅವರಿಗೆ ಬೇಕಾದದ್ದು ಬಿಟ್ಟುಹೋದ ಪಾಠ, ಒಂದಿಷ್ಟು ಹೊತ್ತು.

ಶಿಕ್ಷಕರು ಈಗ ಡಬ್ಬಿಯಿಂದ ಚೀಟಿ ತೆಗೆದು ಹೆಸರು ಕರೆಯುತ್ತಾರೆ. ಕೇಳಿದ ಮೇಲೆ ಮನಸ್ಸಿನಲ್ಲಿ ಮೂರು ಸೆಕೆಂಡ್ ಎಣಿಸುತ್ತಾರೆ. ಎಣಿಸಿ ನೋಡಿ, ಅದು ಬಹಳ ಉದ್ದ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪರೀಕ್ಷೆಯಲ್ಲಿ ಹೆಸರನ್ನು ಹಾಳೆಯ ಹಿಂದೆ ಬರೆಸುತ್ತೇವೆ, ತಿದ್ದಿ ಮುಗಿಯುವತನಕ ಹಾಳೆ ತಿರುವುವಂತಿಲ್ಲ. ಬರೀ ಟಿಕ್ ಬದಲು 'ಮೂರನೇ ಸಾಲಿನಲ್ಲಿ ಋಣ ಚಿಹ್ನೆ ಬಿಟ್ಟಿದ್ದೀ' ಎಂಬಂಥ ಒಂದು ಸಾಲು ಇರುತ್ತದೆ. ಭಿನ್ನರಾಶಿ ಬಾರದವರಿಗೆ ಬೆಳಿಗ್ಗೆ 40 ನಿಮಿಷ ಬೇರೆ ಗುಂಪು ಇದೆ. ಮೂರು ವಾರಕ್ಕೊಮ್ಮೆ ಕಿರುಪರೀಕ್ಷೆ ನಡೆಸಿ, ಭಿನ್ನರಾಶಿ ಬಂದವರನ್ನು ಗುಂಪಿನಿಂದ ಬಿಡಿಸುತ್ತೇವೆ. ಇದೂ ವಿಂಗಡಣೆಯೇ ಅಲ್ಲವೇ ಎಂದರೆ ಹೌದು. ಆದರೆ ಇದು ವರ್ಷವಿಡೀ ಹಣೆಗೆ ಅಂಟುವುದಿಲ್ಲ.

ಮೊದಲಿನ ಎ ವಿಭಾಗದ ಪಾಲಕರಿಗೆ ಒಂದು ಮಾತು: ನಿಮ್ಮ ಮಕ್ಕಳ ಪಾಠ ತಗ್ಗುವುದಿಲ್ಲ. ಗಣಿತಕ್ಕೆ ದಿನವೂ ಐದು ಲೆಕ್ಕ ಎಲ್ಲರಿಗೂ, ಮೂರು ಕಠಿಣ ಲೆಕ್ಕ ಬೇಕೆಂದವರಿಗೆ. ಪಕ್ಕದವನಿಗೆ ಕಲಿಸುವ ಕೆಲಸವನ್ನು ಅವರ ಮೇಲೆ ಹೊರಿಸುವುದಿಲ್ಲ. ಪಾಠ ನಿಜಕ್ಕೂ ತಗ್ಗಿದೆ ಎನಿಸಿದರೆ ವಹಿ ಹಿಡಿದುಕೊಂಡು ಬನ್ನಿ, ಕೂತು ನೋಡೋಣ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ನಮ್ಮ ಕಲಬುರಗಿ ಕೊನೆಗೆ ನಿಂತಾಗ 'ಆ ಕಡೆ ಹುಡುಗರಂದ್ರ ಅಷ್ಟ' ಎಂದವರ ಮಾತು ನಮಗೆಲ್ಲ ನೆಟ್ಟಿತ್ತು. ಅದೇ ಮಾತನ್ನು ನಮ್ಮದೇ ಓಣಿಯ ಹುಡುಗನಿಗೆ ಆಡುವುದು ಬೇಡ.

ಬರುವ ಶನಿವಾರದ ಪಾಲಕರ ಸಭೆಯಲ್ಲಿ, ದಯವಿಟ್ಟು, ಮಕ್ಕಳೆದುರು ಬೇರೆಯವರ ಅಂಕ ಕೇಳಬೇಡಿ.

ಇತಿ ತಮ್ಮ,
ಮುಖ್ಯ ಗುರುಗಳು